ಕೊಳವೆ ಖಾಲಿಯಾದ ಮೇಲೆ

ಹೊಸ ವರ್ಷದ ಹಿಂದಿನ ದಿನ ಕಪುಶಾನಿಯ ಗ್ಯಾಸ್ ಸ್ಟೇಷನ್ನಿನ ಗೇಟಿನ ಮುಂದೆ ಟೀವಿಯವರ ವ್ಯಾನುಗಳು ಸಾಲುಗಟ್ಟಿ ನಿಂತಿದ್ದವು. ಸ್ಲೊವಾಕಿಯಾದ ಈ ಪೂರ್ವದ ಮೂಲೆಯ ಕಡೆಗೆ ತಲೆ ಹಾಕಿಯೂ ಮಲಗದ ಜನ ಅಂದು ಕೆಸರು ತುಳಿದುಕೊಂಡು ಓಡಾಡುತ್ತಿದ್ದರು. ತುಪ್ಪಳದ ಕೋಟಿನ ಹುಡುಗಿಯೊಬ್ಬಳು ಪಾಳಿ ಮುಗಿಸಿ ಹೊರಬಂದ ಎಟೆಲ್ಕಾಳನ್ನು ತಡೆದು ಮೈಕು ಬಾಯಿಗೆ ಹಿಡಿದಳು.

"ನಾಳೆ ಬೆಳಗ್ಗೆ ರಷ್ಯಾದ ಗ್ಯಾಸ್ ನಿಲ್ಲುತ್ತೆ. ಯುರೋಪಿನ ಭದ್ರತೆ ಬಗ್ಗೆ ನಿಮಗೇನನ್ಸುತ್ತೆ ಮೇಡಂ?"

"ಚಳಿ ಅನ್ಸುತ್ತಮ್ಮ. ನಿನಗೂ ಆಗ್ತಿರ್ಬೇಕು. ಕಿವಿ ಮುಚ್ಚೋ ಹಾಗೆ ಟೊಪ್ಪಿ ಹಾಕ್ಕೋ," ಎಂದು ಎಟೆಲ್ಕಾ ಬಸ್ಸಿನ ಕಡೆ ನಡೆದಳು.

ಅವಳ ಸಂಕಟವೇ ಬೇರೆ. ಗ್ಯಾಸ್ ನಿಂತರೆ ಫೋನು ನಿಲ್ಲುತ್ತದೆ. ಫೋನು ನಿಂತರೆ ಗಡಿಯಾಚೆಯ ತಿಬೋರನ ದನಿ ನಿಲ್ಲುತ್ತದೆ. ಆ ದನಿಯೊಂದನ್ನು ಬಿಟ್ಟರೆ ದಿನವೂ ಅವಳೊಡನೆ ಮಾತಾಡುವ ಇನ್ನೊಂದು ಜೀವ ಈ ಭೂಮಿಯ ಮೇಲಿರಲಿಲ್ಲ. ಇದನ್ನು ಯಾವ ಟೀವಿಯ ಮುಂದೆ ಹೇಳಿಕೊಳ್ಳುವುದು?

ಅವಳ ಕೆಲಸ ಇದು. ರಷ್ಯಾದಿಂದ ಹೊರಟ ಗ್ಯಾಸು ಉಕ್ರೇನಿನ ಉದ್ದಕ್ಕೂ ನೆಲದಡಿಯ ಕೊಳವೆಗಳಲ್ಲಿ ಹರಿದು, ಇಲ್ಲಿ ಗಡಿ ದಾಟಿ ಯುರೋಪಿಗೆ ಇಳಿಯುತ್ತಿತ್ತು. ದಾಟುವ ಮುಂಚೆ ಎಷ್ಟೆಂದು ಆಚೆ ತಿಬೋರ್ ಅಳೆಯುತ್ತಿದ್ದ. ದಾಟಿದ ಮೇಲೆ ಎಷ್ಟೆಂದು ಈಚೆ ಎಟೆಲ್ಕಾ ಅಳೆಯುತ್ತಿದ್ದಳು. ಬೆಳಗ್ಗೆ ಆರಕ್ಕೆ ಹಿಂದಿನ ದಿನದ ಲೆಕ್ಕ ಮುಚ್ಚಿ, ಅದಕ್ಕೆಂದೇ ತಂತಿ ಎಳೆದ ಫೋನಿನಲ್ಲಿ ಅವನು ತನ್ನ ಅಂಕಿ ಓದಬೇಕು, ಇವಳು ತನ್ನದು ಓದಬೇಕು. ಎರಡೂ ತಾಳೆಯಾದರೆ "ಹೊಂದಿತು" ಎಂದು ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಕಂಪ್ಯೂಟರು ಬಂದು ಎಷ್ಟೋ ಕಾಲವಾಗಿದ್ದರೂ ಈ ಪದ್ಧತಿ ಹೋಗಿರಲಿಲ್ಲ. ಇಬ್ಬರು ಮನುಷ್ಯರು ಬಾಯಲ್ಲಿ ಒಪ್ಪದ ಹೊರತು ವಿಯೆನ್ನಾದ ಒಲೆಯಲ್ಲಿ ಉರಿದದ್ದು ಯಾರ ಗ್ಯಾಸೆಂದು ದೇವರಿಗೂ ತಿಳಿಯುವಂತಿರಲಿಲ್ಲ.

ಆಚೆಯ ಆಫೀಸು ನಡೆಯುವುದು ಕೀವಿನ ಗಡಿಯಾರದ ಮೇಲೆ. ನಮ್ಮದಕ್ಕಿಂತ ಒಂದು ಗಂಟೆ ಮುಂದು. ನಮ್ಮಲ್ಲಿ ಆರಾದರೆ ತಿಬೋರನಿಗೆ ಏಳು. ಅವನು ಹೇಳಿದ ಗಂಟೆಯಿಂದ ಒಂದು ಕಳೆಯುವುದು ಇಪ್ಪತ್ತು ವರ್ಷದಲ್ಲಿ ಎಟೆಲ್ಕಾಳಿಗೆ ಉಸಿರಾಡಿದಷ್ಟು ರೂಢಿಯಾಗಿತ್ತು. "ನನ್ನ ಮನ್ಯಾಗ ಗ್ವಾಡಿ ಗಡಿಯಾರ ನಿಮ್ಮ ಟೈಮಾ ತೋರಸ್ತೈತ್ರಿ, ನಮ್ಮಜ್ಜನ ಕಾಲದಿಂದ. ಕೀವ್ ಟೈಮ್ ಏನಿದ್ದರೂ ಆಫೀಸಿಗೆ," ಎಂದು ಅವನೊಮ್ಮೆ ಅಂದಿದ್ದ. ಆ ಬೆಟ್ಟದ ಸೀಮೆಯ ಜನವೇ ಹಾಗೆ ಎಂದು ಅವಳು ನಕ್ಕು ಮರೆತಿದ್ದಳು.

ಮೊದಮೊದಲು ಅಂಕಿ ಬಿಟ್ಟು ಬೇರೆ ಮಾತಿರಲಿಲ್ಲ. ಮಾತು ಹುಟ್ಟಿದ್ದು ಹಿಂದೊಮ್ಮೆ ಗ್ಯಾಸ್ ನಿಂತಾಗ. ಅದೂ ಒಂದು ಜನವರಿ. ಎರಡು ದೇಶಗಳು ದರಕ್ಕೆ ಜಗಳವಾಡಿ ಕೊಳವೆ ಮುಚ್ಚಿದ್ದವು. ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಕುತ್ತು ಎನ್ನುವಂತೆ, ಇಲ್ಲಿ ಕಾರ್ಖಾನೆಗಳು ನಿಂತವು, ಶಾಲೆಗಳು ಮುಚ್ಚಿದವು. ಆಗ ಮೇಲಿನಿಂದ ಬಂದ ಅಪ್ಪಣೆ: ಗಂಟೆಗೊಮ್ಮೆ ಫೋನು ಮಾಡಿ ಎಷ್ಟು ದಾಟಿತೆಂದು ಒಪ್ಪಿಸಿ. ದಾಟುವುದೇನು, ಮಣ್ಣು? ಗಂಟೆಗೊಮ್ಮೆ ಅವನು "ಸೊನ್ನಿ" ಎನ್ನುವುದು, ಇವಳು "ಸೊನ್ನೆ" ಎನ್ನುವುದು, ಇಬ್ಬರೂ "ಹೊಂದಿತು" ಎನ್ನುವುದು. ಇಂಥ ಹುಚ್ಚಾಟದ ನಡುವೆ ಒಂದು ಸಲ ಅವನು, "ಸೊನ್ನಿ ರೀ. ಹಿಮ ಬೀಳಾಕ ಹತ್ತೈತಿ," ಎಂದ. ಮುಂದಿನ ಗಂಟೆ, "ಸೊನ್ನಿ. ಅವರಿಕಾಳಿನ ಸಾರು ಮಾಡೇನಿ, ಉಪ್ಪು ಭಾಳ ಆಗೇತಿ," ಎಂದ.

"ಒಂದು ಆಲೂಗಡ್ಡೆ ಹೆಚ್ಚಿ ಹಾಕಿ ಕುದಿಸಿ. ಉಪ್ಪು ಎಳ್ಕೊಳ್ಳುತ್ತೆ," ಎಂದಳು ಎಟೆಲ್ಕಾ.

ಅದರ ಮುಂದಿನ ಗಂಟೆ, "ಸೊನ್ನಿ. ಸಾರು ಉಳೀತು, ನಿಮ್ಮ ಹೊಟ್ಟಿ ತಣ್ಣಗಿರಲಿ," ಎಂದ. ಗ್ಯಾಸು ಮತ್ತೆ ಬಂದ ದಿನ ಇಡೀ ದೇಶ ನಿಟ್ಟುಸಿರು ಬಿಟ್ಟಿತು. ಎಟೆಲ್ಕಾಳಿಗೆ ಮಾತ್ರ ಗಂಟೆಗೊಂದು ಬರುತ್ತಿದ್ದ ಫೋನು ದಿನಕ್ಕೊಂದಕ್ಕೆ ಇಳಿಯಿತಲ್ಲ ಎಂದು ಬೇಸರವಾಯಿತು. ನಾಚಿಕೆಗೇಡಿನ ಬೇಸರವೆಂದು ಅವಳಿಗೆ ಗೊತ್ತಿತ್ತು, ಆದರೂ ಆಯಿತು.

ಅವಳ ಗಂಡ ಕೆಲಸ ಹುಡುಕಿಕೊಂಡು ಬ್ರನೋ ಪಟ್ಟಣಕ್ಕೆ ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ್ದ. ಮಕ್ಕಳಿಲ್ಲ. ತಾಯಿ ತೀರಿಕೊಂಡ ಮೇಲೆ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ರೇಡಿಯೋ ಒಂದೇ ಮಾತಾಡುವುದು. ರಜೆಯ ದಿನ ಬಾಯಿಂದ ಒಂದು ಶಬ್ದವೂ ಹೊರಡದೆ, ಮರುದಿನ ಫೋನೆತ್ತುವ ಮುಂಚೆ ಕೆಮ್ಮಿ ಕೆಮ್ಮಿ ಗಂಟಲಿನ ತುಕ್ಕು ಬಿಡಿಸಿಕೊಳ್ಳಬೇಕಾಗುತ್ತಿತ್ತು. ಯಾರಿಗೂ ಬೇಡದ ಬೆಳಗಿನ ಪಾಳಿಯನ್ನು ಅವಳು ಕೇಳಿ ಪಡೆದದ್ದೂ ಅದಕ್ಕೇ. ತಿಬೋರನೂ ಹೆಂಡತಿ ಸತ್ತವನು, ಅವನೂ ಬೆಳಗಿನ ಪಾಳಿಯನ್ನೇ ಕೇಳಿ ಪಡೆದಿದ್ದ. ಯಾಕೆಂದು ಅವನು ಹೇಳಿರಲಿಲ್ಲ, ಇವಳು ಕೇಳಿರಲಿಲ್ಲ.

ಇಬ್ಬರೂ ಒಮ್ಮೆಯೂ ಭೇಟಿಯಾಗಿರಲಿಲ್ಲ. ನಡುವೆ ಇದ್ದದ್ದು ಒಂದು ಬಸ್ಸಿನ ದಾರಿ. ಸೆಲ್ಮೆಂತ್ಸಿ ಎಂಬ ಊರನ್ನು ಗಡಿ ಸೀಳಿಕೊಂಡು ಹೋಗಿದೆ; ದೊಡ್ಡ ಭಾಗ ಈಚೆ, ಚಿಕ್ಕ ಭಾಗ ಆಚೆ, ನಡುವೆ ಕಾಲ್ನಡಿಗೆಯ ಗೇಟು. ಯುದ್ಧಕ್ಕೆ ಮುಂಚೆ ತಿಬೋರ್ ಅಲ್ಲಿಗೆ ಬರುವಂತೆ ಕರೆದಿದ್ದ. ಅವಳು ಮಂಡಿನೋವಿನ ನೆಪ ಹೇಳಿದಳು. ದೂರದ ಬೆಟ್ಟ ನುಣ್ಣಗೆ ಎನ್ನುವುದು ಅವಳಿಗೆ ಗೊತ್ತಿಲ್ಲದ್ದಲ್ಲ. ತನ್ನ ದಪ್ಪ ಕಾಲು, ಕಟ್ಟಿಸಿಕೊಂಡ ಹಲ್ಲು, ಜೋತುಬಿದ್ದ ಕೆನ್ನೆ ನೋಡಿದ ಮೇಲೆ ಬೆಳಗಿನ ಆ ದನಿ ಹಾಗೆಯೇ ಉಳಿಯುತ್ತದೆಂದು ಯಾವ ಭರವಸೆ? ಇದ್ದದ್ದೂ ಹೋದರೆ?

ಆಮೇಲೆ ಯುದ್ಧ ಬಂತು. ಊರುಗಳು ಉರಿದವು, ಸೆಲ್ಮೆಂತ್ಸಿಯ ಗೇಟಿನಿಂದ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಬಂದರು. ಗ್ಯಾಸು ಮಾತ್ರ ತನಗೇನೂ ಗೊತ್ತಿಲ್ಲದಂತೆ ಹರಿಯುತ್ತಲೇ ಇತ್ತು. ಕೊಲ್ಲುವವನ ಗ್ಯಾಸು, ಸಾಯುವವನ ನೆಲದಲ್ಲಿ ಹಾದು ನಮ್ಮ ಚಹಾ ಕಾಯಿಸಿತು. ನಾವೂ ಊದಿ ಊದಿ ಕುಡಿದೆವು.

"ಮ್ಯಾಲಿಂದ ಬಾಂಬ್ ಕಳಸ್ತಾರ, ಕೆಳಗಿಂದ ಗ್ಯಾಸ್ ಕಳಸ್ತಾರ. ಎರಡೂ ಟೈಮಿಗೆ ಸರಿಯಾಗಿ ಬರತಾವ್ರಿ," ಎನ್ನುತ್ತಿದ್ದ ತಿಬೋರ್. ಅರವತ್ತರೊಳಗಿನ ಗಂಡಸರಿಗೆ ದೇಶ ಬಿಡುವಂತಿರಲಿಲ್ಲ. ಸೈನ್ಯ ಕರೆದರೆ ಹೋಗಬೇಕು. ಅವನಿಗೆ ಐವತ್ತಾರು. ಗ್ಯಾಸಿನ ಕೆಲಸದವನೆಂದು ಅವನನ್ನು ಬಿಟ್ಟಿದ್ದರು. "ಈ ಕೊಳವ್ಯಾಗ ಗ್ಯಾಸ್ ಇರೂ ತನಕ ನಾ ಇಲ್ಲೇ ಇರ್ತೀನಿ," ಎಂದು ಅವನು ನಗುತ್ತ ಹೇಳಿದ್ದ. ಆ ಮಾತು ಕೇಳಿದಂದಿನಿಂದ ಎಟೆಲ್ಕಾ ಚರ್ಚಿನಲ್ಲಿ ಮಂಡಿಯೂರಿ ರಷ್ಯಾದ ಗ್ಯಾಸಿಗಾಗಿ ಪ್ರಾರ್ಥಿಸುತ್ತಿದ್ದಳು. ಆ ಗ್ಯಾಸಿನ ಹಣದಿಂದಲೇ ಬಾಂಬು ಹುಟ್ಟುತ್ತದೆ ಎಂಬುದೂ ಅವಳಿಗೆ ತಿಳಿದಿತ್ತು. ಎದ್ದು ಬರುವಾಗ ಯೇಸುವಿನ ಕಡೆ ತಿರುಗಿ ನೋಡುತ್ತಿರಲಿಲ್ಲ.

ಹೊಸ ವರ್ಷದ ಬೆಳಗ್ಗೆ ಕಂಟ್ರೋಲ್ ರೂಮಿನಲ್ಲಿ ಪಾಳಿಯ ಮುಖ್ಯಸ್ಥ ಬ್ಲಾಜೆಯ್ ರಾತ್ರಿಯ ಅಮಲು ಪೂರಾ ಇಳಿಯದ ಕಣ್ಣುಗಳಲ್ಲಿ ಪರದೆ ನೋಡುತ್ತ ನಿಂತಿದ್ದ. ಒತ್ತಡದ ಗೆರೆ ಕೆಳಗಿಳಿಯುತ್ತ ಬಂತು. ಗೋಡೆಯಾಚೆ ಕೊಳವೆಗಳ ಮೊರೆತ ಸಣ್ಣದಾಗಿ, ಮತ್ತೂ ಸಣ್ಣದಾಗಿ, ಕೊನೆಗೆ ಕೇಳಿಸದಾಯಿತು. ಕೆಲಸಕ್ಕೆ ಸೇರಿದಂದಿನಿಂದ ಕಿವಿಯಲ್ಲಿದ್ದ ಸದ್ದು ಅದು. ಎಟೆಲ್ಕಾ ಕೆಮ್ಮಿ ಗಂಟಲು ಸರಿಮಾಡಿಕೊಂಡು ಫೋನೆತ್ತಿದಳು.

"ನಮಸ್ಕಾರ್ರಿ ಎಟೆಲ್ಕಾ ಬಾಯಾರ. ನಮ್ಮ ಕಡೆ ಬಂದ್ ಆತು," ಎಂದ ತಿಬೋರ್. ಅಂಕಿ ಓದಿದ. ಇವಳೂ ಓದಿದಳು. ಒಂದೇ ಏಟಿಗೆ ತಾಳೆಯಾಯಿತು.

"ಹೊಂದಿತು," ಎಂದಳು.

"ಹೊಂದಿತು. ಇಷ್ಟು ವರ್ಷ ದಿನಾ ಒಂದೀಟು ಫರಕ್ ಬರತಿತ್ತು, ಜಗಳಾಡತಿದ್ವಿ. ಇವತ್ತರ ಬರಬಾರದಾಗಿತ್ತೇನ್ರಿ?"

ಅವಳಿಗೆ ನಗು ಬರಲಿಲ್ಲ. "ತಿಬೋರ್, ನಾಳೆ ಫೋನ್ ಮಾಡೋ ಹಾಗಿದ್ಯಾ? ಆಗಿನ ಥರ... ಸೊನ್ನೆ ಅಂತ ಹೇಳೋಕಾದ್ರೂ?"

"ಇಲ್ರಿ. ಆಗ ಜಗಳ ಇತ್ತು, ಅದಕ ಗಂಟಿಗೊಮ್ಮಿ ಕೇಳತಿದ್ರು. ಈಗ ಕರಾರಾ ಮುಗದೈತಿ. ಸೊನ್ನಿ ಯಾರಿಗೆ ಬೇಕು?" ಮುಂದೆ ಅವನೇ ಹೇಳಿದ: "ನನ್ನ ಕರದಾರ ಬಾಯಾರ. ಶುಕ್ರವಾರ ಮಧ್ಯಾಹ್ನ ಉಜ್ಗೊರೊಡಿನ್ಯಾಗ ಹಾಜರಾಗಬೇಕು."

"ಸೈನ್ಯಕ್ಕಾ? ನಿಮ್ಮ ಮಂಡಿ ನೆಟ್ಟಗಿಲ್ವಲ್ಲ!"

"ಮಂಡಿ ನಂದು, ಹುಕುಂ ಅವರದು. ಗ್ಯಾಸ್ ನಿಲ್ಲೂದು ನಮಗಿಂತ ಮೊದಲ ಅವರಿಗೆ ಗೊತ್ತಿತ್ತು ನೋಡ್ರಿ."

"ನಾನು ಬರ್ತೀನಿ," ಎಂದಳು ಎಟೆಲ್ಕಾ. ಯೋಚಿಸುವ ಮುಂಚೆಯೇ ಮಾತು ಬಾಯಿ ದಾಟಿತ್ತು. "ಸೆಲ್ಮೆಂತ್ಸಿ ಗೇಟಿಗೆ ಬರ್ತೀನಿ. ನೀವು ಹೋಗೋಕೆ ಮುಂಚೆ."

ಆಚೆ ಕುರ್ಚಿ ಹಿಂದೆ ಸರಿದ ಸದ್ದಾಯಿತು.

"ಖರೇನ?"

"ಖರೆ," ಎಂದಳು ಅವನ ಮಾತಿನಲ್ಲೇ.

"ಹಂಗಾರ ಶುಕ್ರವಾರ ಹತ್ತಕ್ಕ ಬರ್ರಿ. ಗೇಟ್ ದಾಟಿದ ಕೂಡ್ಲೆ ಎಡಕ್ಕ ಒಂದು ಚಹಾದಂಗಡಿ ಐತಿ. ಹನ್ನೊಂದರ ಬಸ್ಸಿಗೆ ನಾ ಹೋಗಬೇಕು. ಒಂದು ತಾಸು ಕುಂದ್ರೂಣು."

"ನಿಮ್ಮ ಮೊಬೈಲ್ ನಂಬರ್..."

"ಈ ಲೈನಿನ ಮ್ಯಾಲೆ ಬ್ಯಾಡ್ರಿ, ಎಲ್ಲಾ ರೆಕಾರ್ಡ್ ಆಗತೈತಿ. ಎದುರಿಗೆ ಕುಂತು ಕೊಡ್ತೀನಿ. ಬರ್ರಿ, ಹಾಂ?"

ಬ್ಲಾಜೆಯ್ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅವನಿಗೆ ಎಲ್ಲವೂ ಕೇಳಿಸಿತ್ತು. "ಹೋಗ್ಬಾ ಎಟೆಲ್ಕಾ," ಎಂದ ಹಿಂತಿರುಗದೆ. "ಇನ್ನು ಇಲ್ಲಿ ಕಾಯೋಕೆ ಏನಿದೆ?" ಮರುದಿನ ಬೆಳಗ್ಗೆ ಅವಳು ಸುಮ್ಮನೆ ಒಮ್ಮೆ ಆ ಫೋನೆತ್ತಿ ನೋಡಿದಳು. ಅದರ ಜೀವ ಆಗಲೇ ಹೋಗಿತ್ತು.

ಶುಕ್ರವಾರ ನೀಲಿ ಕೋಟು ತೊಟ್ಟು, ಗಸಗಸೆ ತುಂಬಿದ ಸುರುಳಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು. ಅವನು ಹತ್ತೆಂದಿದ್ದಾನೆ, ಅಂದರೆ ನಮ್ಮ ಒಂಬತ್ತು. ತಡವಾಗಬಾರದೆಂದು ಮೊದಲ ಬಸ್ಸನ್ನೇ ಹಿಡಿದಳು. ಸೆಲ್ಮೆಂತ್ಸಿಯಲ್ಲಿ ಆಚೆ ಹೋಗುವವರು ಯಾರೂ ಇರಲಿಲ್ಲ. ಎರಡೂ ಬದಿ ತಂತಿಬಲೆಯ ಇಕ್ಕಟ್ಟಾದ ಓಣಿಯಲ್ಲಿ ನಡೆದು, ಎರಡು ಕಡೆಯ ಮುದ್ರೆ ಹಾಕಿಸಿಕೊಂಡು, ಒಂಬತ್ತಕ್ಕೆ ಸರಿಯಾಗಿ ಚಹಾದಂಗಡಿಯ ಬೆಂಚಿನ ಮೇಲೆ ಕೂತಳು. ಕೋಟಿನ ಕಾಲರನ್ನು ಮೂರು ಸಲ ಸರಿಮಾಡಿಕೊಂಡು, ಈ ವಯಸ್ಸಿನಲ್ಲಿ ಇದೇನು ಮಾನಗೇಡು ಎಂದು ತನ್ನನ್ನೇ ಬೈದುಕೊಂಡಳು.

ಅಂಗಡಿಯ ಹೆಂಗಸು ಮಾರ್ಗಿತ್ ಚಹಾ ತಂದಿಟ್ಟು, "ಯಾರರ ಬರಾವರಿದ್ದಾರೇನ್ರಿ?" ಎಂದಳು.

"ಹೌದು. ಒಬ್ಬರು."

"ಗಂಡಸರೇನು? ಅವರು ಈಗ ಬೀದಿಗೆ ಬರೂದು ಭಾಳ ಕಡಿಮಿ ನಮ್ಮವ್ವ. ಬಂದರೂ ಗ್ವಾಡಿ ಹಿಡಕೊಂಡು ಹೋಗ್ತಾರ."

ಎಟೆಲ್ಕಾ ಬೀದಿ ನೋಡುತ್ತ ಕೂತಳು. ಸಿಗರೇಟು, ಮಿಠಾಯಿ, ಬಟ್ಟೆ ಮಾರುವ ಅಂಗಡಿಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದವು. ಮುದುಕನೊಬ್ಬ ಸೈಕಲ್ಲು ತಳ್ಳಿಕೊಂಡು ಹೋದ. ಅವನು ಎಂಬತ್ತು ದಾಟಿದವನು. ಚಹಾ ಮುಗಿಯಿತು, ಇನ್ನೊಂದು ತರಿಸಿದಳು. ಕಾಲ್ಬೆರಳು ಮರಗಟ್ಟಿತು. ಒಂಬತ್ತೂವರೆಯ ಹೊತ್ತಿಗೆ ಚರ್ಮದ ಟೊಪ್ಪಿಯವನೊಬ್ಬ ಬೀದಿಯ ಆ ತುದಿಯಿಂದ ಬಂದ. ಅವನ ವಯಸ್ಸು ಹೊಂದುತ್ತಿತ್ತು, ಸ್ವಲ್ಪ ಕುಂಟುತ್ತಲೂ ಇದ್ದ. ಅಂಗಡಿಯ ಹತ್ತಿರ ನಿಧಾನಿಸಿ, ಎಟೆಲ್ಕಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವಳು ಅರ್ಧ ಎದ್ದಳು. ಅವನು ತಲೆ ತಗ್ಗಿಸಿ ಬಿರಬಿರನೆ ಮುಂದೆ ನಡೆದು ಓಣಿಯಲ್ಲಿ ಮರೆಯಾದ.

ಅವನೇ ಎಂದು ಅವಳ ಮನಸ್ಸು ತೀರ್ಮಾನ ಕೊಟ್ಟುಬಿಟ್ಟಿತು. ಬಂದ, ನೋಡಿದ, ಬೇಡವೆಂದು ಹೋದ. ತಪ್ಪು ಅವನದಲ್ಲ, ಆರಿಸಿಕೊಳ್ಳುವಂಥದ್ದು ಇಲ್ಲಿ ಏನಿತ್ತು? ಆದರೂ ಅವಳು ಹತ್ತಿರ ಹತ್ತಿರ ಹತ್ತರವರೆಗೂ ಕೂತಳು. ನಮ್ಮ ಹತ್ತೆಂದರೆ ಅವನ ಹನ್ನೊಂದು, ಬಸ್ಸಿನ ಹೊತ್ತು. ಮತ್ತೆ ಆ ಟೊಪ್ಪಿ ಬಸ್ಸಿಗೆಂದು ಈ ದಾರಿಯಲ್ಲೇ ಬಂದರೆ ತಾನು ಇಲ್ಲಿ ಭಿಕ್ಷೆಗೆ ಕೂತವಳಂತೆ ಕಾಣಬಾರದು. ಎದ್ದು ರೊಟ್ಟಿಯ ಗಂಟನ್ನು ಮಾರ್ಗಿತ್‌ಳ ಕೈಗಿತ್ತಳು.

"ನೀವೇ ತಿನ್ನಿ. ಮನೆಗೆ ವಾಪಸ್ಸು ಹೊರೋ ಹಾಗಿಲ್ಲ ನಾನು."

ತಂತಿಬಲೆಯ ಓಣಿಯಲ್ಲಿ ಉಕ್ರೇನಿನ ಕಾವಲಿನ ಹುಡುಗಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ಹಿಂದಿರುಗಿಸಿದಳು. ಎಟೆಲ್ಕಾ ನಾಲ್ಕು ಹೆಜ್ಜೆ ಇಟ್ಟಿರಬೇಕು. ಬೆನ್ನ ಹಿಂದೆ, ಬಲೆಯಾಚೆ, ಅಂಗಡಿಯ ಕಡೆಯಿಂದ ದನಿ ಕೇಳಿತು.

"ಮಾರ್ಗಿತ್ ಅಕ್ಕಾ, ಆ ಕಡಿಂದ ಒಬ್ರು ಬಾಯಾರು ಬಂದಿದ್ರೇನು?"

ಆ ದನಿಯನ್ನು ಸಾವಿರ ದನಿಯಲ್ಲಿ ಬೇಕಾದರೂ ಅವಳು ಹೆಕ್ಕಿ ತೆಗೆಯುತ್ತಿದ್ದಳು. ಓಡಿಬಂದು ಬಲೆಗೆ ಮುಖ ಒತ್ತಿ, "ತಿಬೋರ್!" ಎಂದು ಕೂಗಿದಳು. ಕೂಗಿದ ಉಸಿರಿಗೆ ಕನ್ನಡಕವೆಲ್ಲ ಮಂಜಾಯಿತು. ಮಂಜಿನಾಚೆ ಕಪ್ಪು ಕೋಟಿನ ಒಂದು ಆಕಾರ ಬಲೆಯ ಹತ್ತಿರ ಬಂದು ನಿಂತಿತು.

"ಎಟೆಲ್ಕಾ ಬಾಯಾರ! ಎಲ್ಲಿಗ್ ಹೊಂಟ್ರಿ?"

"ಒಂದು ಗಂಟೆಯಿಂದ ಕಾಯ್ತಿದ್ದೆ! ಹತ್ತು ಅಂದ್ರಲ್ಲ?"

"ಹತ್ತಾ ಅಂದೆ. ಈಗ ಹತ್ತು ಹೊಡೀತು. ಗಡಿಯಾರ ನೋಡ್ರಿ!"

"ಇದು ನಮ್ಮ ಹತ್ತು! ನೀವು ಯಾವಾಗ್ಲೂ ಕೀವ್ ಹತ್ತು ಅಲ್ವಾ ಹೇಳೋದು? ಇಪ್ಪತ್ತು ವರ್ಷ ನಾನು ಒಂದು ಕಳೆದೇ..."

"ಅಯ್ಯ ದೇವರ," ಎಂದ ತಿಬೋರ್ ಮೆಲ್ಲಗೆ. "ಅದು ಡ್ಯೂಟಿ ಟೈಮ್ ರೀ. ಡ್ಯೂಟಿ ಮುಗೀತಲ್ಲ. ಮನಿ ಮಂದಿಗೆ ಯಾರರ ಕೀವ್ ಟೈಮ್ ಹೇಳ್ತಾರೇನು? ನಾ ನಿಮಗ ಮನಿ ಟೈಮ್ ಹೇಳೀನಿ."

ತನ್ನನ್ನು ಮನೆಯವಳೆಂದು ಎಣಿಸಿ ಅವನು ಆಡಿದ ಮೊದಲ ಮಾತನ್ನು ಎಟೆಲ್ಕಾ ಆಫೀಸಿನ ಕಿವಿಯಲ್ಲಿ ಕೇಳಿದ್ದಳು.

ಹಿಂದಕ್ಕೆ ಬಿಡಿ ಎಂದು ಕಾವಲಿನ ಹುಡುಗಿಯನ್ನು ಬೇಡಿಕೊಂಡಳು. "ಮುದ್ರೆ ಒತ್ತಿಯಾಗಿದೆ ಅಮ್ಮ. ನೀವೀಗ ನಮ್ಮ ದೇಶದಲ್ಲಿಲ್ಲ. ಆ ಕಡೆ ಹೋಗಿ, ಮತ್ತೆ ಮೊದಲಿಂದ ಬನ್ನಿ," ಎಂದಳು ಹುಡುಗಿ. ಕೆಟ್ಟವಳೇನಲ್ಲ; ಅವಳ ಕೆಲಸ ಅಷ್ಟೇ.

"ಸುತ್ತಿ ಬರ್ರಿ, ನಾ ಎಲ್ಲೂ ಹೋಗೂದಿಲ್ಲ," ಎಂದು ತಿಬೋರ್ ಬಲೆಯಾಚೆಯಿಂದ ಕೂಗಿದ.

ಸುತ್ತಿ ಬರುವುದು ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ. ಒಂದೇ ಬೆಳಗ್ಗೆ ಎರಡು ಸಲ ಸೆಲ್ಮೆಂತ್ಸಿಯ ಗೇಟು ದಾಟುವವರು ಯಾರೆಂದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು: ಸಿಗರೇಟು ಸಾಗಿಸುವವರು. ನಮ್ಮ ಸುಂಕದವನು ಅವಳನ್ನು ಒಳಗಿನ ಕೋಣೆಗೆ ಕರೆದು ಕೋಟು ಬಿಚ್ಚಿಸಿದ, ಒಳಪದರ ತಡವಿದ, ಬೂಟಿನೊಳಕ್ಕೂ ಕೈ ಹಾಕಿದ.

"ಒಂದು ಗಂಟೆ ಕೂತು ಬಂದಿದ್ದೀರಿ, ಈಗ್ಲೇ ಮತ್ತೆ ಹೋಗ್ಬೇಕು ಅಂತೀರಿ. ಆ ಕಡೆ ಏನಿದೆ ಅಂಥದ್ದು?"

"ನನ್ನೋರಿದ್ದಾರೆ," ಎಂದಳು ಎಟೆಲ್ಕಾ. ಹೀಗೆ ಹೇಳಿ ಎಷ್ಟು ವರ್ಷವಾಗಿತ್ತೋ! ಆತ ನಂಬಲಿಲ್ಲ. ಆದರೆ ಹೆಂಗಸು ಅಳುತ್ತಿದ್ದಾಳೆಂದು ಕಂಡು ಬೂಟು ಹಿಂದಿರುಗಿಸಿದ. ಗೋಡೆಯ ಗಡಿಯಾರ ನೋಡುನೋಡುತ್ತಿದ್ದಂತೆ ಮುಂದೆ ಹೋಗುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗಿಲ್ಲದಾಗುತ್ತಿದೆ ಎಂದು ಅವಳು ಲೇಸು ಕಟ್ಟದ ಬೂಟಿನಲ್ಲೇ ಓಡಿದಳು.

ಅವಳು ಮತ್ತೆ ಅಂಗಡಿ ಮುಟ್ಟಿದಾಗ ಬಸ್ಸು ಬೀದಿಯ ತುದಿಗೆ ಬಂದು ನಿಂತಾಗಿತ್ತು. ಡ್ರೈವರ್ ಇಳಿದು ಸಿಗರೇಟು ಹಚ್ಚಿದ್ದ. ಅವನ ಸಿಗರೇಟು ಉರಿಯುವಷ್ಟು ಹೊತ್ತು ಇವರದು.

ತಿಬೋರ್ ಬೆಂಚಿನಿಂದ ಎದ್ದ. ಮುಂದಿನ ಮೇಜಿನ ಮೇಲೆ ಗಸಗಸೆ ರೊಟ್ಟಿ ಅರ್ಧ ಖಾಲಿಯಾಗಿತ್ತು. "ಭಾಳ ರುಚಿ ಐತ್ರಿ," ಎಂದು ಬಾಯಿ ಒರೆಸಿಕೊಂಡ. ಎಟೆಲ್ಕಾ "ಸಕ್ಕರೆ ಸ್ವಲ್ಪ ಕಮ್ಮಿ ಆಯ್ತು," ಎಂದಳು. ಅಲ್ಲಿಗೆ ಮಾತು ಮುಗಿಯಿತು. ಇಬ್ಬರೂ ಎದುರುಬದುರಾಗಿ ಕೂತು ಮೇಜಿನ ಮೇಲಿನ ತಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಇಪ್ಪತ್ತು ವರ್ಷ ಮಾತಾಡಿದ ಬಾಯಿಗಳು ಹೊಸ ಮದುಮಕ್ಕಳ ಹಾಗೆ ಕಟ್ಟಿಕೊಂಡವು. ಅವಳು ಒಮ್ಮೆ ಕಣ್ಣೆತ್ತಲು ಹೋದಳು. ಅವನೂ ಆಗಲೇ ಎತ್ತಿದ. ಇಬ್ಬರೂ ತಟ್ಟನೆ ಬೇರೆ ಕಡೆ ತಿರುಗಿದರು. ಡ್ರೈವರನ ಸಿಗರೇಟು ಅರ್ಧಕ್ಕೆ ಬಂದಿತ್ತು.

"ಬಾಯಾರ," ಎಂದ ತಿಬೋರ್ ಕೊನೆಗೆ, "ಒಂದು ಕೆಲಸ ಮಾಡೂಣೇನು? ನೀವು ಗೇಟಿನ ಕಡೆ ತಿರುಗಿ ಕುಂದರ್ರಿ, ನಾ ಬಸ್ಸಿನ ಕಡೆ ತಿರುಗ್ತೀನಿ."

ಬೆಂಚಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಕೋಟುಗಳು ತಾಗುತ್ತಿದ್ದವು. ಅವಳು ಕಣ್ಣು ಮುಚ್ಚಿದಳು.

"ನಮಸ್ಕಾರ್ರಿ ಎಟೆಲ್ಕಾ," ಎಂದಿತು ದನಿ. ಅದೇ ದನಿ, ಬೆಳಗಿನದು.

"ನಮಸ್ಕಾರ. ನಾಯಿಗೆ ಯಾರು ಅನ್ನ ಹಾಕ್ತಾರೆ?"

"ಪಕ್ಕದ ಮನಿಯಾಕಿ ಹಾಕ್ತಾಳ. ಆಕಿ ಕಂಡ್ರ ನಾಯಿಗೆ ಆಗೂದಿಲ್ಲ, ಖರೆ ಹಸಿವಿ ಯಾರನ್ನ ಕೇಳತೈತಿ."

"ಉಣ್ಣೆ ಕಾಲುಚೀಲ ಇಟ್ಕೊಂಡಿದ್ದೀರಾ?"

"ಮೂರು ಜೋಡಿ."

"ತಿಬೋರ್, ಹೆದರಿಕೆ ಆಗ್ತಿದ್ಯಾ?"

"ಆಗತೈತ್ರಿ," ಎಂದ ಅವನು. "ಬ್ಯಾರೆ ಯಾರಿಗೂ ಹೇಳಿಲ್ಲ. ನಿಮಗ ಹೇಳ್ತೀನಿ, ಭಾಳ ಆಗತೈತಿ."

ಅವಳು ಹಿಂದಕ್ಕೆ ಕೈ ಚಾಚಿದಳು. ಅವನ ಕೈ ಸಿಕ್ಕಿತು, ದೊಡ್ಡದು, ಒರಟು, ಬೆಚ್ಚಗಿತ್ತು. "ನಿಮ್ಮ ದನಿ ಕೇಳಿದ ಮೇಲೇ ನನಗೆ ಬೆಳಗಾಗೋದು," ಎಂದಳು. "ಇದನ್ನ ಹೇಳೋಕೆ ಬಂದೆ. ಮುಂಚೆ ಕರೆದಾಗಲೇ ಬರ್ಬೇಕಿತ್ತು. ನನಗೆ ಮಂಡಿನೋವೂ ಇರ್ಲಿಲ್ಲ, ಮಣ್ಣೂ ಇರ್ಲಿಲ್ಲ."

"ಗೊತ್ತಿತ್ರಿ."

"ಗೊತ್ತಿತ್ತಾ?"

"ಮರುದಿನಾ ನೀವಾ ಹೇಳಿದ್ರಿ, ಅಣಬಿ ತರಾಕ ಕಾಡಿಗೆ ಹೋಗಿದ್ದೆ ಅಂತ. ನನಗೂ ಹಂಗಾ ರೀ, ಬೆಳಗಾಗೂದು."

ಹಾರ್ನು ಕೂಗಿತು. ಅವನು ಎದ್ದ. ಅವಳ ಮೊಬೈಲನ್ನು ಇಸಿದುಕೊಂಡು ತನ್ನ ನಂಬರು ಒತ್ತಿ ಕೊಟ್ಟ. ಅಲ್ಲಿ ಫೋನು ಇಟ್ಟುಕೊಳ್ಳಲು ಬಿಡುತ್ತಾರೋ ಇಲ್ಲವೋ ತಿಳಿಯದು, ಸಿಕ್ಕಾಗ ತಾನೇ ಮಾಡುತ್ತೇನೆ ಎಂದ. ಚೀಲ ಹೆಗಲಿಗೇರಿಸಿ ಕಾಲೆಳೆಯುತ್ತ ಓಡಿದ. ಎಟೆಲ್ಕಾ ಎದ್ದು ನಿಂತಾಗ ಅವಳಿಗೆ ಕಂಡದ್ದು ಕಪ್ಪು ಕೋಟಿನ ಬೆನ್ನು, ಬಸ್ಸಿನ ಬಾಗಿಲು, ಆಮೇಲೆ ಹಿಮದ ನೀರು ಹಾರಿಸುತ್ತ ತಿರುಗಿದ ಬಸ್ಸು.

ಸಂಜೆಯವರೆಗೂ ಅವಳು ನಗುತ್ತಿದ್ದಳು, ಅಳುತ್ತಿದ್ದಳು, ಮತ್ತೆ ನಗುತ್ತಿದ್ದಳು. ಮನೆಯಲ್ಲಿ ಸ್ಟೌ ಹಚ್ಚಿದರೆ ಹಿಂದಿನಂತೆಯೇ ನೀಲಿ ಉರಿ ಎದ್ದಿತು. ಬೇರೆ ಯಾವುದೋ ದೇಶದ ಗ್ಯಾಸು, ಬೇರೆ ಯಾವುದೋ ದಾರಿಯಿಂದ ಬಂದದ್ದು. ಅವರೆಕಾಳಿನ ಸಾರು ಇಟ್ಟಳು. ಕುರ್ಚಿಯಲ್ಲಿ ಕೂತು, ಬೆಳಗಿನದೆಲ್ಲವನ್ನೂ ಮೊದಲಿನಿಂದ ಒಂದೊಂದಾಗಿ ನೆನೆಯೋಣವೆಂದು ಕಣ್ಣು ಮುಚ್ಚಿದಳು.

ದನಿ ನೆನಪಿಗೆ ಬಂತು, ಒಂದಕ್ಷರ ಬಿಡದೆ. ಕೈಯ ಬಿಸಿ ನೆನಪಿಗೆ ಬಂತು. ಮುಖ ಬರಲಿಲ್ಲ. ಮೀಸೆ ಇತ್ತೇ? ಕಣ್ಣು ಯಾವ ಬಣ್ಣ? ಬಲೆಯ ಹತ್ತಿರ ಕನ್ನಡಕ ಮಂಜಾಗಿತ್ತು, ಮೇಜಿನ ಮುಂದೆ ನಾಚಿಕೆ ಅಡ್ಡ ಬಂತು, ಆಮೇಲೆ ಬೆನ್ನು ತಿರುಗಿಸಿ ಕೂತದ್ದೇ ಆಯಿತು. ಎಷ್ಟು ತಡಕಿದರೂ ಬೆರಳಿಗೆ ಕಪ್ಪು ಕೋಟೇ ಸಿಗುತ್ತಿತ್ತು. ಯುದ್ಧದ ಆ ದೇಶದಲ್ಲಿ ಊರೂರ ಚೌಕದಲ್ಲಿ ಸತ್ತವರ ಫೋಟೋಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಸೆಲ್ಮೆಂತ್ಸಿಯಲ್ಲೂ ಇದ್ದವು, ಅವಳು ಅವುಗಳ ಮುಂದೆಯೇ ನಡೆದು ಬಂದಿದ್ದಳು. ಎಂದಾದರೊಂದು ದಿನ ತಿಬೋರನದೂ ಅಲ್ಲಿ ಬಂದು ನಿಂತರೆ, ಇವನೇ ಎಂದು ತನಗೆ ಗುರುತು ಹತ್ತುವುದಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಒಲೆಯ ಮೇಲೆ ಸಾರು ಸೀದು ಹೋಗುತ್ತಿತ್ತು, ಅವಳು ಏಳಲಿಲ್ಲ.